ಏಳನೆಯ ಹೆಸರು

ಶನಿವಾರ, ನವೆಂಬರ್ 5, 1994. ಬೆಳಿಗ್ಗೆ 9.10ಕ್ಕೆ ಲಿಮರಿಕ್ ಕಡೆಯ ಕಿಲ್‌ಬ್ರಾಕ್ ಠಾಣೆಗೆ ಚರ್ಚ್ ನೋಡಿಕೊಳ್ಳುವ ಮ್ಯಾಲಕಿ ಬ್ರೌಡರ್ ಬಂದ. ಚಿತ್ರಮಂದಿರದ ಬೆಂಕಿಯಲ್ಲಿ ಸತ್ತವರಿಗೆಂದು ಚರ್ಚ್ ಅಂಗಳದಲ್ಲಿ ನೆಟ್ಟ ಸ್ಮಾರಕದ ಕಲ್ಲಿನಿಂದ ಒಂದು ಹೆಸರನ್ನು ಯಾರೋ ಕೆತ್ತಿ ತೆಗೆದಿದ್ದಾರೆ ಎಂದು ದೂರು ಕೊಟ್ಟ. ಮರುದಿನ ಹನ್ನೊಂದಕ್ಕೆ ಅರವತ್ತನೆಯ ವರ್ಷದ ಪೂಜೆ. ಮೂವತ್ತೊಂದು ಹೆಸರನ್ನೂ ಪಾದ್ರಿ ಕಲ್ಲು ನೋಡಿಯೇ ಓದುತ್ತಾರೆ. ಕಲ್ಲಿನಲ್ಲಿಲ್ಲದ್ದನ್ನು ಓದುವ ರೂಢಿಯಿಲ್ಲ.

9.40. ಸಾರ್ಜೆಂಟ್ ನೂಲಾ ಹಾರ್ಟಿಗನ್ ಮತ್ತು ಕಾನ್‌ಸ್ಟೇಬಲ್ ಫಿಂಟನ್ ಲೈನ್ ಮಹಜರು ನಡೆಸಿದರು. ಏಳನೆಯ ಸಾಲು ಖಾಲಿ. ಅಲ್ಲಿದ್ದದ್ದು ರೀಲು ಓಡಿಸುತ್ತಿದ್ದ ಜೆರೆಮೈಯಾ ನೂನನ್ ಹೆಸರು. ಅವನ ಸಿಗರೇಟಿನಿಂದಲೇ ಬೆಂಕಿ ಹತ್ತಿತೆಂದು ಊರು ನಂಬಿದೆ. ಕಲ್ಲಿನ ಕೆಳಗೆ ಚೂರೂ ಪುಡಿ ಇರಲಿಲ್ಲ.

"ಪೋಲಿ ಹುಡುಗರು, ಮೇಡಂ," ಎಂದ ಲೈನ್.

"ಪೋಲಿಗಳು ಕಸ ಬೇರೆ ಬಳ್ಕೊಂಡು ಹೋಗ್ತಾರೇನಯ್ಯ?"

ಬ್ರೌಡರ್ ನಕ್ಕ. "ಯಾರೇ ಆಗ್ಲಿ, ಅರ್ಧ ಊರು ಅವನಿಗೆ ಬಿಯರ್ ಕೊಡಿಸುತ್ತೆ."

"ಬೆಳಿಗ್ಗೆ ಇಲ್ಲಿಗೆ ಯಾರು ಬಂದಿದ್ರು?" ಎಂದು ಕೇಳಿದಳು ಹಾರ್ಟಿಗನ್.

"ಯಾರೂ ಇಲ್ಲ."

"ಒಬ್ಬರೂ?"

"ಅಟ್ರಾಕ್ಟಾ ಬಂದು ಕಲ್ಲು ತೊಳೆದು ಹೋದ್ಲು. ಪ್ರತಿ ವರ್ಷ ತೊಳೀತಾಳೆ. ಅವಳನ್ನೂ ಲೆಕ್ಕಕ್ಕೆ ಹಿಡೀಬೇಕಾ?"

ಅಟ್ರಾಕ್ಟಾ ಜೆರೆಮೈಯಾನ ಮಗಳು. ಕಲ್ಲು ತೊಳೆದವಳು ಅಪ್ಪನ ಹೆಸರು ಹೋದದ್ದನ್ನು ಯಾರಿಗೂ ಹೇಳಿರಲಿಲ್ಲ.

11.20. ಅಟ್ರಾಕ್ಟಾಳ ಮನೆ. ಅವಳೇ ಬಾಗಿಲು ತೆಗೆದಳು. ಮೇಜಿನ ಮೇಲೆ ಉಳಿ, ಸುತ್ತಿಗೆ, ಗಂಟು ಕಟ್ಟಿದ ಕರವಸ್ತ್ರ. ಯಾವುದನ್ನೂ ಬಚ್ಚಿಟ್ಟಿರಲಿಲ್ಲ. ಬೇಸಿಗೆಯಲ್ಲಿ ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ಪಿಸುದನಿಯಷ್ಟೇ ಉಳಿದಿತ್ತು.

"ಚಹಾ ಕುಡೀತೀಯಾ, ನೂಲಾ?"

"ಬೇಡ. ನೀವೇ ಮಾಡಿದ್ದಾ?"

"ನಾನೇ."

"ಗಂಟಿನಲ್ಲೇನಿದೆ?"

"ಅಪ್ಪನ ಹೆಸರು. ಜನ ತುಳಿಯೋ ಜಾಗದಲ್ಲಿ ಹೇಗೆ ಬಿಡ್ಲಿ?"

"ಯಾಕೆ ಮಾಡಿದ್ರಿ?"

"ಮೂವತ್ತು ಹೆಸರಿಗೆ ಊರೆಲ್ಲ 'ಶಾಂತಿ ಸಿಗಲಿ' ಅನ್ನುತ್ತೆ. ಏಳನೇದಕ್ಕೆ ಕೆಮ್ಮುತ್ತೆ. ಇಷ್ಟು ವರ್ಷ ನಾನೊಬ್ಬಳೇ ಗಟ್ಟಿಯಾಗಿ ಹೇಳ್ತಿದ್ದೆ. ನಾಳೆ ಯಾರು ಹೇಳ್ತಾರೆ?"

ಲೈನ್ ಬರೆಯುವುದನ್ನು ನಿಲ್ಲಿಸಿದ.

"ನನ್ನನ್ನ ಕೇಳಬಹುದಿತ್ತಲ್ಲ," ಎಂದಳು ಹಾರ್ಟಿಗನ್.

"ನಿನ್ನ ಅಜ್ಜಿ ಹದಿನೆಂಟನೇ ಸಾಲಲ್ಲಿದ್ದಾಳೆ, ಮಗಾ. ಏಳು ಬಂದಾಗ ನೀನು ಬ್ಯಾಗಿನಲ್ಲಿ ಏನೋ ಹುಡುಕ್ತೀಯ. ನಾನು ನೋಡಿದೀನಿ."

ಹಾರ್ಟಿಗನ್ ಉಳಿ, ಸುತ್ತಿಗೆಗಳನ್ನು ವಶಕ್ಕೆ ತೆಗೆದುಕೊಂಡಳು. ಗಂಟನ್ನು ಮುಟ್ಟಲಿಲ್ಲ.

11.50ಕ್ಕೆ ಅಟ್ರಾಕ್ಟಾ ನೂನನ್, ವಯಸ್ಸು ಅರವತ್ತಮೂರು, ಬಂಧನ. ಅಪರಾಧದ ಕಾರಣವನ್ನು ಲೈನ್‌ನ ಕೈಗೆ ಬಿಡದೆ ಸಾರ್ಜೆಂಟ್ ತಾನೇ ಬರೆದಳು: ತಂದೆಯ ಹೆಸರಿಗೆ ಉತ್ತರ ಹೇಳುವವರು ಈ ಊರಿನಲ್ಲಿ ಯಾರೂ ಇಲ್ಲವೆಂಬ ಭಯ. ಭಯ ಸಕಾರಣವಾದದ್ದು.