ಮೂರು ನೀರುಹಲ್ಲಿಗಳ ನೆನಪುಗಲ್ಲು

ಶರತ್ಕಾಲ ಬಂದು ಕೊಳಗಳ ನೀರು ತಿಳಿಯಾದಾಗ, ಹಗಲಿನ ಊಟ ಮುಗಿಸಿ ದಡದಲ್ಲಿ ಕುಳಿತು ಹೇಳುವ ಕತೆಯಿದು. ತಳದ ಕಲ್ಲುಗಳು ಕಾಣುತ್ತಿರುವಾಗ ಇದನ್ನು ನಂಬುವುದು ಸುಲಭ.

ಬಹುಕಾಲದ ಹಿಂದೆ ಹಿಮಗಿರಿಯ ತಪ್ಪಲಿನಲ್ಲಿ ತುಹಿನಾವತಿಯೆಂಬ ರಾಜ್ಯವಿತ್ತು. ಅಲ್ಲಿಯ ಅರಸುಮಗಳು ಜಾಕಲೆ ಮೂರು ನೀರುಹಲ್ಲಿಗಳನ್ನು ಸಾಕಿದ್ದಳು. ನೀರುಹಲ್ಲಿಯು ಆಕಾರದಲ್ಲಿ ಹಲ್ಲಿ, ಕುಲದಲ್ಲಿ ಕಪ್ಪೆಯ ದಾಯಾದಿ. ಅದರ ಕಾಲು ತುಂಡಾದರೆ ಮತ್ತೆ ಚಿಗುರುತ್ತದೆ. ಅವಳ ಮೂವರಿಗೆ ಕೆಂಚ, ಡೊಳ್ಳ, ತುಂಟಿ ಎಂದು ಹೆಸರು. ಮನುಷ್ಯರ ಕೈಬಿಸಿ ಆ ಮೈಗಳಿಗೆ ಬೇಗೆಯಾಗುವುದರಿಂದ, ಜಾಕಲೆ ಅಂಗೈಗಳನ್ನು ತಣ್ಣೀರಿನಲ್ಲಿ ಅದ್ದಿದ ಬಳಿಕವೇ ಅವನ್ನು ಮುಟ್ಟುತ್ತಿದ್ದಳು.

ಒಂದು ಕಡುಬೇಸಗೆಯಲ್ಲಿ ಮೂರೂ ಸತ್ತವು. ಸತ್ತವರಿಗೆ ಕಲ್ಲು ನಿಲ್ಲಿಸಿ, ಅದರಲ್ಲಿ ಗುಣಗಳನ್ನು ಮಾತ್ರ ಕೆತ್ತಿಸುವುದು ಆ ನಾಡಿನ ರೂಢಿ. ಆಸ್ಥಾನಕವಿ ಬರೆದುಕೊಟ್ಟನು: ಕೆಂಚನು ಹೊನ್ನಿನ ಮೈಯವನು, ಡೊಳ್ಳನು ಮಿತಾಹಾರಿ, ತುಂಟಿಯು ಒಡತಿಯ ಹೆಜ್ಜೆಯ ಸಪ್ಪಳಕ್ಕೇ ಬಳಿಸಾರುವವಳು. ಇದನ್ನು ಕೇಳಿ ದಾದಿ ಬೊಪ್ಪವ್ವೆ ನಕ್ಕುಬಿಟ್ಟಳು.

“ಡೊಳ್ಳ ಮಿತಾಹಾರಿಯೇ, ತಾಯಿ? ಕಳಚಿದ ತನ್ನ ಚರ್ಮವನ್ನೂ ಬಿಡದೆ ನುಂಗುತ್ತಿದ್ದನಲ್ಲ.”

“ಸತ್ತವರ ಮೇಲೆ ಚಾಡಿ ಹೇಳಬೇಡ, ಬೊಪ್ಪವ್ವೆ,” ಎಂದಳು ಜಾಕಲೆ. ಕಲ್ಲು ಹಾಗೆಯೇ ನಿಂತಿತು.

ಮರುದಿನ ನೋಡಿದರೆ ಕಲ್ಲಿನ ಬುಡದ ಮಣ್ಣನ್ನು ಯಾರೋ ಅಗೆದಿದ್ದರು; ಹೂತಿದ್ದ ಮೂರೂ ಅಲ್ಲಿರಲಿಲ್ಲ. ಅದು ಮಾಂತ್ರಿಕ ಧೂಮಾಕ್ಷನ ಕೆಲಸವೆಂದು ಬೊಪ್ಪವ್ವೆ ತಿಳಿಸಿದಳು. ಸತ್ತವರಲ್ಲಿ, ಬದುಕಿರುವವರು ಸುಳ್ಳಾಗಿ ನೆನೆದ ಜೀವಗಳು ಅವನ ವಶವಾಗುತ್ತಿದ್ದವು. ಅವನ್ನು ಅವನು ಗವಿಯ ದೀಪಗಳಲ್ಲಿ ಬತ್ತಿಯಾಗಿ ಉರಿಸುತ್ತಿದ್ದನು. ತಂಪಿನಲ್ಲೇ ಬಾಳಿದ ಜೀವಗಳಿಗೆ ಇನ್ನು ಕೊನೆಯಿಲ್ಲದ ಬೆಂಕಿ. ಜಾಕಲೆ ಆಗಲೇ ಗವಿಗೆ ಹೊರಟಳು.

ಧೂಮಾಕ್ಷನು ಪಂಥವೊಡ್ಡಿದನು. ಗವಿಯ ಮೂರು ಕೊಳಗಳಲ್ಲಿ ಅವಳು ತನ್ನ ಮೂವರನ್ನು ಗುರುತಿಸಬೇಕು; ಒಮ್ಮೆ ತಪ್ಪಿದರೂ ಮೂರೂ ದೀಪಕ್ಕೆ.

ಮೊದಲ ಕೊಳದಲ್ಲಿ ಕಲ್ಲಿನ ಮಾತಿನಂತೆಯೇ ನೂರಾರು ಹೊನ್ನಿನ ಮೈಗಳು ಹೊಳೆಯುತ್ತಿದ್ದವು. ಮೂಲೆಯಲ್ಲಿ ಕೆಸರುಬಣ್ಣದ್ದು ಒಂದಿತ್ತು. ಜಾಕಲೆ ನೀರಿನ ಮೇಲೆ ಸೆರಗಿನ ನೆರಳಾಡಿಸಿದಳು. ಕೆಸರುಬಣ್ಣದ್ದು ಬೆದರಿ, ಬೆನ್ನು ಬಾಗಿಸಿ, ಕೆಂಪು ಹೊಟ್ಟೆಯನ್ನು ತೋರಿಸಿತು. ಕೆಂಚನು ಹೆದರಿದಾಗಷ್ಟೇ ಕೆಂಚನಾಗುತ್ತಿದ್ದನು. ಅವಳು ಅವನನ್ನೇ ಆರಿಸಿದಳು.

ಎರಡನೆಯ ಕೊಳದಲ್ಲಿ ಎರೆಹುಳುವನ್ನು ಇಳಿಬಿಟ್ಟಳು. ಉಳಿದವೆಲ್ಲ ಮುನಿಗಳಂತೆ ಮುಖ ತಿರುಗಿಸಿದವು. ಒಂದು ಮಾತ್ರ ಹುಳುವಿನ ಜೊತೆಗೆ ಅವಳ ಬೆರಳನ್ನೂ ಕಚ್ಚಿತು. ಅದು ಡೊಳ್ಳನೆಂದು ಹೇಳಲು ಅವಳಿಗೆ ತಡವಾಗಲಿಲ್ಲ.

ಮೂರನೆಯ ಕೊಳಕ್ಕೆ ಅವಳು ಬರುತ್ತಲೇ ಎಲ್ಲ ನೀರುಹಲ್ಲಿಗಳೂ ದಡಕ್ಕೆ ನುಗ್ಗಿ ಅವಳ ಬೆರಳುಗಳಿಗೆ ಮೂತಿಯೊತ್ತಿದವು. ಒಂದು ಮಾತ್ರ ಕಲ್ಲಿನ ಕೆಳಗೆ ಮಲಗಿದ್ದು ತಲೆಯನ್ನೂ ಎತ್ತಲಿಲ್ಲ. ಜಾಕಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಕೊನೆಗೆ ಕಲ್ಲಿನ ಕೆಳಗಿನದನ್ನು ತೋರಿಸಿದಳು.

“ತಿರುಗಿಯೂ ನೋಡದ ಅದು ನಿನ್ನದು ಹೇಗಾದೀತು?” ಎಂದು ಧೂಮಾಕ್ಷನು ಕೇಳಿದನು.

“ತುಂಟಿ ನನ್ನನ್ನು ಎಂದೂ ಗುರುತಿಸಲಿಲ್ಲ; ಹುಳುವನ್ನು ಗುರುತಿಸುತ್ತಿದ್ದಳು. ನಾನು ಅವಳನ್ನು ಗುರುತಿಸುತ್ತಿದ್ದೆ. ನನಗೆ ಅದು ಸಾಕಾಗಿತ್ತು.”

ಆ ನಿಜದ ಮಾತಿಗೆ ಗವಿಯ ದೀಪಗಳೆಲ್ಲ ಆರಿದವು. ಅವುಗಳಲ್ಲಿ ಉರಿಯುತ್ತಿದ್ದ ಜೀವಗಳು ಬಿಡುಗಡೆಗೊಂಡವು. ಧೂಮಾಕ್ಷನು ಆರಿದ ಬತ್ತಿಗಳ ಹೊಗೆಯಲ್ಲಿ ಹೊಗೆಯಾಗಿ ಬಂಡೆಯ ಬಿರುಕಿನಿಂದ ಹೋದನು, ಮರಳಲಿಲ್ಲ. ಜಾಕಲೆ ಅಂಗೈಗಳನ್ನು ತಣ್ಣೀರಿನಲ್ಲಿ ಅದ್ದಿ, ಮೂವರನ್ನೂ ಎತ್ತಿ, ಗವಿಯ ಹೊರಗಿನ ತೊರೆಗೆ ಬಿಟ್ಟಳು. ಸತ್ತವು ಬದುಕಿ ಬರಲಿಲ್ಲ, ತಂಪಿಗೆ ಸೇರಿದವು.

ಅಂದಿನಿಂದ ತುಹಿನಾವತಿಯ ಕಲ್ಲುಗಳಲ್ಲಿ ಗುಣಗಳ ಕೆಳಗೆ ಒಂದು ದೋಷವನ್ನೂ ಕೆತ್ತಿಸುವುದು ರೂಢಿಯಾಯಿತು. ಜನರು ಸುಖವಾಗಿ ಬಾಳಿದರು. ಬೊಪ್ಪವ್ವೆ ತುಂಬು ವಯಸ್ಸಿನಲ್ಲಿ ತೀರಿಕೊಂಡಾಗ, ಅವಳು ಬಹಳ ಮಾತನಾಡುತ್ತಿದ್ದಳೆಂದು ಜಾಕಲೆಯೇ ನಿಂತು ಕೆತ್ತಿಸಿದಳು.