ಲೂಪ್ ಲೈನಿಗಾಗಿ ಕಾದ ಗಾರ್ಡ್

ಹೊಸದುರ್ಗದ ಆಚೆಯ ಬೋರನಹಟ್ಟಿ ಸ್ಟೇಷನ್ನಿನಲ್ಲಿ ಮನುಷ್ಯರು ಹತ್ತುವುದು ಕಡಿಮೆ, ಅದಿರು ಹತ್ತುವುದೇ ಹೆಚ್ಚು. ಹಿಂದೆ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತುಂಬುತ್ತಿದ್ದರಂತೆ, ಈಗ ಯಂತ್ರ ತುಂಬುತ್ತದೆ. ಕೆಂಪು ಧೂಳು ಮಾತ್ರ ಅಂದಿನದೇ. ಆ ಧೂಳಿನಲ್ಲೇ ಗೂಡ್ಸ್ ಗಾಡಿಯ ಗಾರ್ಡ್ ಓಬಳೇಶ ಮನಸ್ಸು ಕಳೆದುಕೊಂಡ, ಅದೂ ಜಗಳ ಕಾಯಲು ಹೋಗಿ.

ಅಂದು ಅವನ ಗಾಡಿಯನ್ನು ಪಕ್ಕದ ಲೂಪ್ ಲೈನಿಗೆ ಹಾಕಿ, ಒಂದಾದ ಮೇಲೊಂದು ಎಕ್ಸ್‌ಪ್ರೆಸ್ ಬಿಟ್ಟಿದ್ದರು. ಹಸಿದು ಕೆಂಡವಾಗಿದ್ದವನು ಆಫೀಸಿನ ಬಾಗಿಲಲ್ಲೇ ಕೂಗಿದ.

"ಅಲ್ಲಿ ನಮ್ಮವ್ವ ಬಿಸಿ ಮುದ್ದೆ ಮಾಡ್ಕೊಂಡು ಕಾಯ್ತಾಳೆ! ಇನ್ನೊಂದ್ಸಲ ನನ್ ಗಾಡಿ ನಿಲ್ಲಿಸಬ್ಯಾಡ್ರಿ!"

ಆಮೇಲೆ ನೋಡಿದ. ಹೊಸ ಸ್ಟೇಷನ್ ಮಾಸ್ಟರ್ ಹೇಮಾವತಿ ಫೋನ್ ಕಿವಿಗಿಟ್ಟುಕೊಂಡು ಇವನನ್ನೇ ನೋಡುತ್ತಿದ್ದಳು. ತುಟಿಯಂಚಿನಲ್ಲಿ ನಗು ಅಡಗಿತ್ತು. "ಆಯ್ತು ಬಿಡ್ರಿ, ನಿಲ್ಲಿಸಲ್ಲ" ಎಂದಳು.

ಮಾತಿಗೆ ತಪ್ಪದ ಹುಡುಗಿ! ಅಂದಿನಿಂದ ಅವನ ಗಾಡಿ ಬಂದಾಗಲೆಲ್ಲ ನೇರ ಹಸಿರು. ಪ್ಲಾಟ್‌ಫಾರ್ಮಿನಲ್ಲಿ ಅವಳು ಹಸಿರು ಬಾವುಟ ತೋರಿಸುವಳು, ಕೊನೆಯ ಡಬ್ಬಿಯಿಂದ ಇವನೂ ತೋರಿಸುವನು. ಎಲ್ಲ ಸರಿಯಿದೆ ಎಂದು ಅದರರ್ಥ. ಇವನಿಗೋ ಏನೂ ಸರಿಯಿರಲಿಲ್ಲ. ಗಾಳಿಗೆ ಹಾರುವ ಅವಳ ಮುಂಗುರುಳು ಕಂಡಿತೆನ್ನುವಷ್ಟರಲ್ಲಿ ಸ್ಟೇಷನ್ನೇ ಹಿಂದಾಗಿರುತ್ತಿತ್ತು. ಬೇರೆ ಗಾರ್ಡುಗಳು ಅಲ್ಲಿ ನಿಂತು ಚಹಾ ಕುಡಿದು ಬಂದೆವೆಂದರೆ ಹೊಟ್ಟೆ ಉರಿಯುತ್ತಿತ್ತು.

ಅಷ್ಟರಲ್ಲಿ ಅವನಿಗೆ ಪ್ಯಾಸೆಂಜರ್ ಗಾಡಿಗೆ ಬಡ್ತಿ ಬಂತು, ಹುಬ್ಬಳ್ಳಿ ಕಡೆಗೆ. ಈ ದಾರಿಯಲ್ಲಿ ಇಂದೇ ಕೊನೆಯ ಓಡಾಟ. ಇವತ್ತೂ ನಿಲ್ಲದಿದ್ದರೆ ಅವಳು ಕೈತಪ್ಪಿದಂತೆಯೇ.

ಗಾಡಿ ಲೂಪಿಗೆ ತಿರುಗಿತು!

ಓಬಳೇಶ ಗಾಡಿಯುದ್ದಕ್ಕೂ ಓಡಿದ. ಮೈಯೆಲ್ಲ ಕೆಂಪು ಧೂಳಾಗಿ ಬಂದವನನ್ನು ಕಂಡು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಬೋರಯ್ಯ ನಕ್ಕುಬಿಟ್ಟ. "ನಿಮ್ ಗಾಡಿ ಬಿಡಿಸಾಕೆ ಮೇಡಮ್ಮು ದಿನಾ ಮೇಲಿನ ಕಂಟ್ರೋಲ್ ಆಫೀಸ್ನೋರ ಜತೆ ಫೋನಲ್ಲಿ ಜಗಳ ಆಡ್ತಿದ್ರು ಸಾಹೇಬ್ರೆ. ಇವತ್ಯಾಕೋ ಬಾಯೇ ಬಿಡ್ಲಿಲ್ಲ."

ಓಬಳೇಶ ಒಳಗೆ ಹೋದ. "ಇವತ್ಯಾಕ್ರಿ ಜಗಳ ಆಡ್ಲಿಲ್ಲ?"

ಅವಳು ಬಾವುಟದ ಕೋಲನ್ನೇ ತಿರುವುತ್ತ ನಿಂತಳು. "ನಾಳೆಯಿಂದ ನೀವು ಬರಲ್ಲ ಅಂತ ಗೊತ್ತಾಯ್ತು. ಒಂದಿನ ಮುದ್ದೆ ತಣ್ಣಗಾದ್ರೂ ಆಗ್ಲಿ ಅಂದ್ಕಂಡೆ."

"ಅಯ್ಯೋ, ಆವತ್ತು ನಿಲ್ಲಿಸಬ್ಯಾಡ್ರಿ ಅಂದಿದ್ದು ಹಸಿದ ಬಾಯಿ. ನಿಮ್ಮನ್ನ ನೋಡಿದ ಮ್ಯಾಲೆ ಗಾಡಿ ನಿಂತ್ರೆ ಸಾಕಾಗಿತ್ತು ನಂಗೆ. ನೀವಂದ್ರೆ ಇಷ್ಟ ಕಣ್ರಿ."

ಅವಳ ಕೆನ್ನೆಗೆ ಕೆಂಪೇರಿತು, ಅದು ಧೂಳಿನದಲ್ಲ. "ಮೊದಲೇ ಹೇಳೋಕೇನಾಗಿತ್ತು? ಸುಮ್ನೆ ಕಂಟ್ರೋಲ್ ಜತೆ ನಿಷ್ಠುರ ಆದೆ."

"ಭಾನುವಾರ ಅವ್ವನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?"

"ಬರ್ರಿ. ಆದ್ರೆ ಬಸ್ಸಲ್ಲಿ ಬರ್ರಿ. ಗೂಡ್ಸ್ ನಂಬ್ಕಂಡ್ರೆ ಯಾವಾಗ ಬಿಡ್ತಾರೋ!"

ಸಿಗ್ನಲ್ ಬಿತ್ತು. ಓಬಳೇಶ ಮತ್ತೆ ಹಿಂದಕ್ಕೋಡಿ ಡಬ್ಬಿ ಹತ್ತಿದ. ಗಾಡಿ ಹೊರಟಿತು. ಅವಳು ಬಾವುಟ ಎತ್ತಿದಳು, ಇವನೂ ಎತ್ತಿದ. ಸ್ಟೇಷನ್ ದಾಟಿತು, ಗುಡ್ಡದ ತಿರುವು ಹತ್ತಿರವಾಯಿತು. ದೂರದ ಆ ಹಸಿರು ಚುಕ್ಕೆ ಇನ್ನೂ ಕೆಳಗಿಳಿದಿರಲಿಲ್ಲ, ಇವನದೂ.

ಕೈಯಲ್ಲಿದ್ದ ವಾಕಿಟಾಕಿ ಗೊರಗುಟ್ಟಿತು. ಬೋರಯ್ಯನ ದನಿ.

"ಸಾಹೇಬ್ರೆ, ಮೊದ್ಲು ನೀವು ಬಾವುಟ ಇಳಿಸ್ರಿ. ಇಲ್ಲಿ ಮೇಡಮ್ಮನ ಕೈ ನೋಯ್ತೈತೆ."