ಎಂಬತ್ತು ಖಾಲಿ ಪುಟಗಳು

'ಯಾರನ್ನು ಕಂಡರೂ ಅಸಹ್ಯಪಡುವ ನಾನು, ಯಾರನ್ನಾದರೂ ಪ್ರೀತಿಸಬಲ್ಲೆನೇ?'

ಈ ಅಳುಕನ್ನು ಅವಳು ತನ್ನ ಕಂಪ್ಯೂಟರಿನ ಡೈರಿಗೆ ಮಾತ್ರ ಹೇಳಿಕೊಂಡಿದ್ದಳು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಅವಳನ್ನು ಅಣ್ಣ ಕರೆಯುತ್ತಿದ್ದುದೇ 'ಛೀ-ಥೂ ಮಹಾರಾಣಿ' ಎಂದು. ಎದುರಿಗಿದ್ದವರು ಸೊರ್ರೆಂದು ಚಹಾ ಹೀರಿದರೆ ಸಾಕು, ಅವಳಿಗೆ ಆ ಹೊತ್ತಿನ ಊಟ ಸೇರುತ್ತಿರಲಿಲ್ಲ.

ಅಂಥವಳ ಮುಂದೆ ಅವತ್ತು ಕಂಪ್ಯೂಟರ್ ರಿಪೇರಿಯವನು ಕೀಬೋರ್ಡನ್ನು ತಲೆಕೆಳಗಾಗಿ ಹಿಡಿದು ಪಟಪಟನೆ ಬಡಿದ!

ಬಿಸ್ಕತ್ತಿನ ಚೂರು, ಕೂದಲ ಉಂಡೆ, ಜಿರಲೆಯ ಒಣಗಿದ ಕಾಲು... ಜೊತೆಗೆ, ಕಚ್ಚಿ ಉಗಿದ ಉಗುರಿನ ತುಣುಕುಗಳು.

"ಛೀ! ಏನ್ರೀ ಇದು!"

"ನಿಮ್ಮನೇದೇ ಮೇಡಂ. ನಾನೇನು ಜೇಬಲ್ಲಿ ತಂದಿಲ್ಲ," ಎಂದು ಅವನು ನಕ್ಕ.

ಉಗುರು ಅವಳದೇ! ಡೈರಿ ಬರೆಯುವಾಗ ಕಚ್ಚುವ ಚಾಳಿ. ನಾಚಿಕೆಯಿಂದ ಹಿಡಿಯಾದಳು. ಅವನೋ, ಮುಖ ಸಿಂಡರಿಸದೆ ಎಲ್ಲವನ್ನೂ ಅಂಗೈಗೆ ಬಳಿದುಕೊಂಡು ಕಸದ ಬುಟ್ಟಿಗೆ ಹಾಕಿದ. ಅವನ ಉಗುರುಗಳ ಸಂದಿಯಲ್ಲೆಲ್ಲ ಕಪ್ಪು ಮಸಿ.

"ಇದರಲ್ಲಿರೋ ಎಂಎಸ್ ಆಫೀಸ್ ತುಂಬಾ ಹಳೇದು. ಸೇವ್ ಆಗ್ತಿರುವಾಗ ಕರೆಂಟ್ ಹೋದ್ರೆ ಫೈಲ್ ಕೈ ಕೊಡುತ್ತೆ. ಇನ್ನೊಂದು ಕಾಪಿ ಇಟ್ಕೊಳ್ಳಿ," ಎಂದು ಹೇಳಿ ಹೋದ.

ಅವಳು ಇಟ್ಟುಕೊಳ್ಳಲಿಲ್ಲ. ಡೈರಿಯಲ್ಲಿ ಹೊಸದನ್ನು ಎಲ್ಲಕ್ಕಿಂತ ಮೇಲೆ ಬರೆಯುವುದು ಅವಳ ರೂಢಿ. ಅವನ ಬಗ್ಗೆ ಒಂದು ಸಾಲು ಬರೆದು ಸೇವ್ ಒತ್ತಿದಳು. ಅದೇ ಗಳಿಗೆಗೆ ಕರೆಂಟ್ ಹೋಯಿತು!

ಆಮೇಲೆ ಡೈರಿ ತೆರೆಯಲೇ ಇಲ್ಲ. ನಾಲ್ಕು ವರ್ಷದ ಎಂಬತ್ತು ಪುಟ... ಯಾರಿಗೂ ಹೇಳದ ಎಂಬತ್ತು ಪುಟ!

ಮರುದಿನ ಅವನನ್ನು ಮತ್ತೆ ಕರೆಸಿ, ಫೈಲನ್ನು ತೋರಿಸಿ, "ಓದಬೇಡಿ," ಎಂದಷ್ಟೇ ಉಸುರಿ ಕೋಣೆ ಸೇರಿಕೊಂಡಳು. ಅವನು ಹೋದ ಸದ್ದು ಕೇಳಿ ಓಡಿಬಂದು ನೋಡಿದರೆ... ಎಂಬತ್ತು ಪುಟಗಳೂ ಖಾಲಿ!

"ಅದೇನೋ ಕಪ್ಪು ಬಣ್ಣ ಕೊಡ್ಬೇಕಂತೆ ಕಣೇ..." ಅಮ್ಮ ಅಡುಗೆಮನೆಯಿಂದ ಕೂಗಿದ್ದು ಅವಳ ತಲೆಗೆ ಹೋಗಲಿಲ್ಲ.

'ಓದಿ, ಮಜಾ ತಗೊಂಡು, ಅಳಿಸಿಯೂ ಹಾಕಿದ. ಥೂ!'

ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅವನ ಅಂಗಡಿಗೆ ನುಗ್ಗಿದಳು.

"ನಿಮ್ಮನ್ನ ನೋಡಿದ್ರೇನೇ ಅಸಹ್ಯ ಆಗುತ್ತೆ!"

"ಗೊತ್ತು. ಮೊದಲನೇ ಸಾಲು ಕಣ್ಣಿಗೆ ಬಿದ್ದುಬಿಡ್ತು," ಎಂದ ಅವನು ಮೆಲ್ಲಗೆ.

ಅವಳು ಪೆನ್‌ಡ್ರೈವನ್ನು ಮೇಜಿನ ಮೇಲೆ ಕುಕ್ಕಿದಳು.

"ಓಪನ್ ಪಕ್ಕದ ಬಾಣ ಒತ್ತಿ ರಿಪೇರ್ ಅಂತ ಕೊಟ್ಟೆ, ಫೈಲ್ ಎದ್ದು ಕೂತ್ಕೊಳ್ತು. ಪುಟ ಎಲ್ಲಾ ಬಂದಿದ್ಯಾ ಅಂತ ನೋಡ್ಬೇಕಿತ್ತು. ನೀವು ಓದಬೇಡಿ ಅಂದಿದ್ರಲ್ಲ... ಅದಕ್ಕೇ ಅಕ್ಷರಾನೆಲ್ಲ ಬಿಳಿ ಮಾಡಿ, ಪುಟ ಮಾತ್ರ ಎಣಿಸಿದೆ. ಎಲ್ಲಾ ಸೆಲೆಕ್ಟ್ ಮಾಡಿ ಕಪ್ಪು ಬಣ್ಣ ಕೊಡಿ. ಅಮ್ಮಂಗೆ ಹೇಳಿದ್ನಲ್ಲ?"

ಪೆನ್‌ಡ್ರೈವ್ ಹಾಕಿ, ಮಾನಿಟರನ್ನು ಅವಳತ್ತ ತಿರುಗಿಸಿ, ತಾನು ಗೋಡೆಯತ್ತ ತಿರುಗಿ ನಿಂತ.

ಅವಳು ಒತ್ತಿದಳು. ಅಕ್ಷರಗಳೆಲ್ಲ ಒಮ್ಮೆಲೇ ಮೂಡಿದವು. ಎಲ್ಲಕ್ಕಿಂತ ಮೇಲೆ... 'ರಿಪೇರಿಯವನ ಉಗುರು ತುಂಬ ಮಸಿ. ಅಸಹ್ಯ! ಇನ್ನೊಮ್ಮೆ ಬರುವುದೇ ಬೇಡ.'

ತಲೆ ಎತ್ತಿದಳು. ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಅವನ ಕೈಗಳಿಂದ ಸೋಪಿನ ವಾಸನೆ ಬರುತ್ತಿತ್ತು. ಮಸಿಯಿಲ್ಲ. ಉಗುರುಗಳ ಬುಡವೆಲ್ಲ ತರಚಿ ಕೆಂಪಾಗಿತ್ತು.

"ಉರೀತಿದ್ಯಾ?"

"ಇಲ್ಲ... ಸ್ವಲ್ಪ."

"ಅಷ್ಟೊಂದು ಯಾಕೆ ಉಜ್ಜಿದ್ರಿ?"

ಅವನು ಕೈಗಳನ್ನು ಜೇಬಿಗೆ ತುರುಕಿಕೊಂಡ. ಅವಳಿಗೀಗ ನಿಜಕ್ಕೂ ಅಸಹ್ಯವಾಯಿತು... ತನ್ನ ಮೇಲೆಯೇ. ಬಾಯಿಯತ್ತ ಹೋಗುತ್ತಿದ್ದ ಉಗುರನ್ನು ತಡೆದು ಮುಷ್ಟಿ ಬಿಗಿಹಿಡಿದಳು.

"ಅದು ಸುಳ್ಳು ಕಣ್ರೀ. ಡೈರಿಗೂ ಸುಳ್ಳೇ ಹೇಳಿದ್ದೆ."

"ಯಾವುದು?"

"ನಾನು ಕಚ್ಚಿ ಉಗಿದ ಉಗುರನ್ನ ನೀವು ಅಂಗೈಗೆ ಬಳ್ಕೊಂಡ್ರಲ್ಲ... ಆಗ್ಲೇ ನೀವು ನಂಗೆ ಇಷ್ಟ ಆಗ್ಬಿಟ್ರಿ."